ಅಕ್ಕನ ಅಪ್ಪನ ಒಂದೇ ಪ್ಲೇಟು

ಟಪ್, ಟಪ್-ಟಪ್, ಟಪ್. ಎರಡು ಬೆರಳು ಒಂದು ಲೆಕ್ಕದಲ್ಲಿ ಬೀಳುತ್ತಿದ್ದವು, ಹೆಬ್ಬೆರಳು ಬೇರೆಯದೇ ಲೆಕ್ಕದಲ್ಲಿ. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಮೊದಲ ದಿನ ಬೆಳಗ್ಗೆ ಕೇಳಿದ ಸದ್ದು ಅದು. ಪರದೆಯ ಆಚೆ ಯಾರೋ ರೋಗಿಯ ಮೊಣಕೈ ಮಡಿಕೆಯ ಮೇಲೆ ತಟ್ಟುತ್ತಿದ್ದರು. ರಕ್ತ ತೆಗೆಯುವ ಮುಂಚೆ ನರ ಮೇಲೆದ್ದು ಬರಲೆಂದು ನಾವೆಲ್ಲ ತಟ್ಟುತ್ತೇವೆ. ಆದರೆ ಈ ತಟ್ಟು ಮೈಸೂರಿನ ಕಾನ್ವೆಂಟಿನಲ್ಲಿ ಮ್ಯೂಸಿಕ್ ಸಿಸ್ಟರ್ ಪಿಯಾನೋ ಮುಚ್ಚಳದ ಮೇಲೆ ಬಡಿದು ಕಲಿಸಿದ ಒನ್-ಟೂ-ತ್ರೀ-ಫೋರ್ ಅಲ್ಲ, ಮನೆಯಲ್ಲಿ ಕೇಳಿ ಬೆಳೆದ ಆದಿತಾಳವೂ ಅಲ್ಲ. ಇನ್ನೇನು ಮುಗ್ಗರಿಸಿತು ಅನ್ನುವಷ್ಟರಲ್ಲಿ ಕಾಲೂರಿ ನಿಂತುಬಿಡುವ ನಡಿಗೆ.

ಪರದೆ ಸರಿಸಿ ನೋಡಿದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾದ ಬ್ಲ್ಯಾಕ್ ಹೆಂಗಸು, ಬಿಳಿ ಕೋಟು, ಕುತ್ತಿಗೆಗೆ ಚೈನಿನಲ್ಲಿ ತೂಗುಬಿಟ್ಟ ಕನ್ನಡಕ. ತಲೆ ಎತ್ತದೆ ಹೇಳಿದಳು, "ನಿಂತು ನೋಡಬೇಡ ಶುಗರ್, ಹತ್ತಿ ಕೊಡು."

ಅವತ್ತಿನಿಂದ ಇಪ್ಪತ್ತಾರು ವರ್ಷ ನಾನು ಅವಳ ಪಕ್ಕದ ಟೇಬಲಿನಲ್ಲಿ ಕೆಲಸ ಮಾಡಿದೆ. ಅವಳು ನನ್ನನ್ನು ಕಡೆಯವರೆಗೂ, ಅಲ್ಲಿಯವರು ಪ್ರೀತಿಯಿಂದ ಕರೆಯುವ ಹಾಗೆ, ಶುಗರ್ ಎಂದೇ ಕರೆದಳು. ನಾನು ಅವಳನ್ನು ಅಕ್ಕ ಎಂದೆ. ಅದರ ಅರ್ಥ ಹೇಳಿದಾಗ ಅವಳಿಗೆ ಬಹಳ ಹಿಡಿಸಿತ್ತು. ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ "ಇವಳೊಬ್ಬಳೇ ನನ್ನನ್ನು ಹಾಗೆ ಕರೆಯಬಹುದು, ನೀವು ಮ್ಯಾಡಮ್ ಅನ್ನಿ" ಎಂದು ತಾಕೀತು ಮಾಡುತ್ತಿದ್ದಳು. ನನ್ನ ಮಗಳ ಬಾಣಂತನಕ್ಕೆ ಅವಳು ಬಂದಿದ್ದಳು. ನನ್ನ ಗಂಡ ಹೋದಾಗ ಮನೆಯ ಅಡುಗೆಮನೆಯಲ್ಲಿ ಮೂರು ದಿನ ಪಾತ್ರೆ ತೊಳೆದಿದ್ದಳು. ಅವಳ ಬಗ್ಗೆ ಇಷ್ಟು ಹೇಳಿಬಿಟ್ಟು ಮುಂದಿನದನ್ನು ಹೇಳಬೇಕು. ಇಲ್ಲದಿದ್ದರೆ ನಾನು ಏನು ಮಾಡಿದೆ ಎನ್ನುವುದು ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಆ ತಟ್ಟು ಅವಳಿಗೆ ಅಪ್ಪನಿಂದ ಬಂದದ್ದು. ಅವಳ ಅಪ್ಪ ಗಿಟಾರ್ ನುಡಿಸುತ್ತಿದ್ದ. ಡಾಲಸ್ಸಿನ ಪೂರ್ವಕ್ಕಿರುವ ಹತ್ತಿ ಹೊಲಗಳಿಂದ ಹತ್ತೊಂಬತ್ತನೇ ವಯಸ್ಸಿಗೆ ಓಡಿಬಂದವನು, ಡಾಲಸ್ಸಿನದೇ ಡೀಪ್ ಎಲಮ್ ಕೇರಿಯ ರೈಲು ಹಳಿಯ ಪಕ್ಕ ಕ್ಷೌರದಂಗಡಿಗಳ ಮುಂದೆ ನಿಂತು ಬ್ಲೂಸ್ ಎನ್ನುವ ಕಪ್ಪು ಜನರ ಹಾಡು ಹಾಡುತ್ತಿದ್ದನಂತೆ. ಈಗ ಅಲ್ಲಿ ಜನ ವೀಕೆಂಡಿಗೆ ಹೋಗಿ ಬಿಯರ್ ಕುಡಿಯುತ್ತಾರೆ. ಆ ಕಾಲದಲ್ಲಿ ಉತ್ತರದ ಕಂಪನಿಗಳು ಹಾಡು ಹಿಡಿಯುವ ಮೆಷಿನುಗಳನ್ನು ಟ್ರಂಕಿನಲ್ಲಿ ತುಂಬಿಕೊಂಡು ಬಂದು ಹೋಟೆಲಿನಲ್ಲಿ ಎರಡು ರೂಮು ಹಿಡಿಯುತ್ತಿದ್ದವು. ರಸ್ತೆಯ ಸದ್ದು ಬರದ ಹಾಗೆ ಕಿಟಕಿಗಳಿಗೆ ದಪ್ಪ ರಜಾಯಿ ತೂಗುಹಾಕುತ್ತಿದ್ದರು. ಫ್ಯಾನ್ ಹಾಕುವ ಹಾಗಿಲ್ಲ, ಅದರ ಸದ್ದೂ ಹಾಡು ಕೊರೆಯುವ ಮೇಣದ ತಟ್ಟೆಗೆ ಇಳಿಯುತ್ತದೆ. ಕಪ್ಪು ಜನರನ್ನು ಹಿಂಬದಿಯ ಸರ್ವೀಸ್ ಮೆಟ್ಟಿಲಿನಿಂದ ಹತ್ತಿಸುತ್ತಿದ್ದರು. ಕೆಂಪು ದೀಪ ಹತ್ತಿದರೆ ಶುರು, ಮೂರು ನಿಮಿಷಕ್ಕೆ ಮುಗಿಸಬೇಕು. ಹಾಗೆ ಒಂದು ಮಧ್ಯಾಹ್ನ ಅವನು ಆರು ಹಾಡು ಹಾಡಿದ. ಅದರಲ್ಲಿ ಎರಡು ಮಾತ್ರ ಹೊರಬಂದವು, ಒಂದೇ ಗ್ರಾಮಫೋನ್ ಪ್ಲೇಟಿನ ಎರಡು ಮುಖ. ಉಳಿದ ನಾಲ್ಕರ ಮೇಣ ಎಲ್ಲಿ ಕರಗಿತೋ ಯಾರಿಗೂ ಗೊತ್ತಿಲ್ಲ.

ಆಮೇಲೆ ಹ್ಯೂಸ್ಟನ್ನಿನಲ್ಲಿ ಒಂದು ಜಾಝ್ ಬ್ಯಾಂಡಿನ ಹಿಂದೆ ಕೂತು ಇನ್ನೊಮ್ಮೆ ನುಡಿಸಿದ್ದನಂತೆ. ಅದರಲ್ಲಿ ಅವನ ಹೆಸರಿರಲಿಲ್ಲ, ಕಹಳೆಗಳ ಅಬ್ಬರದಲ್ಲಿ ಗಿಟಾರು ಕೇಳಿಸುವುದೂ ಇಲ್ಲ. ಮೂರನೆಯ ಸಲ ಕರೆ ಬಂದಾಗ ತಾನು ದುಡಿಯುತ್ತಿದ್ದ ಲಾಂಡ್ರಿಯ ಇಸ್ತ್ರಿ ಮೆಷಿನಿಗೆ ಎಡಗೈ ಸಿಕ್ಕಿ ಬಟ್ಟೆ ಕಟ್ಟಿಕೊಂಡಿದ್ದ. ಬಾಗಿಲಲ್ಲೇ ನೋಡಿ ವಾಪಸು ಕಳಿಸಿದರು. ಅಲ್ಲಿಗೆ ಅವನ ರೆಕಾರ್ಡಿಂಗ್ ಕೆರಿಯರ್ ಮುಗಿಯಿತು. ಮದುವೆಯಾದ ಮೇಲೆ ಹೆಂಡತಿ, ಅಂದರೆ ಅಕ್ಕನ ಅಮ್ಮ, ಚರ್ಚೋ ಈ ಸೈತಾನನ ಹಾಡೋ ಎರಡರಲ್ಲಿ ಒಂದನ್ನು ಆರಿಸಿಕೋ ಎಂದಳು. ಗಿಟಾರು ಹೋಯಿತು. ಮನೆಯಲ್ಲಿದ್ದ ಪ್ಲೇಟು ಒಲೆಗೆ ಹೋಯಿತು. ಅಕ್ಕ ಹುಟ್ಟಿದ್ದು ಅದಾದ ಮೇಲೆ. ಅಪ್ಪ ಒಂದು ತಂತಿ ಮೀಟಿದ್ದನ್ನೂ ಅವಳು ಕೇಳಲಿಲ್ಲ. ಕೇಳಿದ್ದು ಊಟದ ಟೇಬಲಿನ ಮೇಲೆ ಅವನ ಬೆರಳು ಆಡುತ್ತಿದ್ದ ಸದ್ದು ಮಾತ್ರ. ಅಮ್ಮ ನೋಡಿದರೆ ಅದೂ ನಿಲ್ಲುತ್ತಿತ್ತು.

ಇದನ್ನೆಲ್ಲ ಅವಳು ನನಗೆ ಒಮ್ಮೆಗೇ ಹೇಳಿದ್ದಲ್ಲ. ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಾ, ಕಡಲೆಬೀಜ ಮಾತ್ರ ಆರಿಸಿ ಮೊದಲು ಬಾಯಿಗೆ ಹಾಕಿಕೊಳ್ಳುತ್ತಾ, ಇಪ್ಪತ್ತಾರು ವರ್ಷಗಳಲ್ಲಿ ತುಂಡು ತುಂಡಾಗಿ ಹೇಳಿದಳು. ಆ ಪ್ಲೇಟಿನ ಒಂದು ಪ್ರತಿಯಾದರೂ ಎಲ್ಲಾದರೂ ಇದ್ದೀತು ಎಂದು ಅವಳು ಹುಡುಕುತ್ತಲೇ ಇದ್ದಳು. ಹಳೇ ಸಾಮಾನಿನ ಅಂಗಡಿ ಕಂಡರೆ ಕಾರು ನಿಲ್ಲಿಸಲೇಬೇಕು.

ರಿಟೈರ್ ಆದ ಮೇಲೆ ನಾನು ಫ್ರಿಸ್ಕೋದಲ್ಲಿ ಮಗಳ ಮನೆಗೆ ಶಿಫ್ಟ್ ಆದೆ. ಅಕ್ಕ ನನಗಿಂತ ಮುಂಚೆಯೇ ತಂಗಿಯ ಹತ್ತಿರ ಇರಲೆಂದು ಸೌತ್ ಡಾಲಸ್ಸಿನ ಒಂದು ಸೀನಿಯರ್ ಅಪಾರ್ಟ್‌ಮೆಂಟಿಗೆ ಬಂದಿದ್ದಳು. ತಂಗಿ ಎರಡೇ ವರ್ಷದಲ್ಲಿ ತೀರಿಕೊಂಡಳು. ನಮ್ಮಿಬ್ಬರ ಮನೆಗಳ ನಡುವೆ ಟ್ರಾಫಿಕ್ ಇಲ್ಲದಿದ್ದರೆ ನಲವತ್ತು ನಿಮಿಷ. ಪ್ರತಿ ಗುರುವಾರ ಹೋಗುತ್ತಿದ್ದೆ. ಫ್ರಿಸ್ಕೋದಲ್ಲಿ ಎಲ್ಲ ಮನೆಗಳೂ ನಿನ್ನೆ ತಾನೇ ಡಬ್ಬದಿಂದ ತೆಗೆದಿಟ್ಟ ಹಾಗಿರುತ್ತವೆ. ಅಲ್ಲಿಂದ ಅವಳ ಬೀದಿಗೆ ಬಂದರೆ ಮರಗಳಿಗಾದರೂ ವಯಸ್ಸಾಗಿರುತ್ತಿತ್ತು.

ಆಗಲೇ ಅವಳ ಕಿವಿ ಹೋಗತೊಡಗಿದ್ದು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಮಷೀನು ಹಾಕಿಕೊಂಡರೆ ಸ್ವಲ್ಪ. ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕಿವಿಯ ಡಾಕ್ಟರು ಗ್ರಾಫ್ ತೋರಿಸಿ, ಇದೂ ನಿಧಾನವಾಗಿ ಹೋಗುತ್ತದೆ, ಒಂದು ವರ್ಷ ಇರಬಹುದು, ಕಡಿಮೆಯೂ ಇರಬಹುದು ಎಂದರು. ಕಾರಿನಲ್ಲಿ ಅಕ್ಕ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. ಆಮೇಲೆ ಹೇಳಿದಳು, "ಕಣ್ಣು ಹೋಗಿದ್ದರೆ ತೊಂದರೆಯಿರಲಿಲ್ಲ ಶುಗರ್. ನೋಡೋದು ಏನೂ ಬಾಕಿ ಇರಲಿಲ್ಲ."

ಅದಾಗಿ ನಾಲ್ಕು ತಿಂಗಳಿಗೆ ಆಸ್ಟಿನ್ನಿನಿಂದ ಕಾಗದ ಬಂತು. ಕೈಬರಹದ ಕಾಗದ. ಬರೆದವರು ರಿಟೈರ್ ಆದ ಹಿಸ್ಟರಿ ಮೇಷ್ಟರು, ಹಳೇ ಪ್ಲೇಟುಗಳನ್ನು ಕೂಡಿಡುವವರು. ಅವರಿಗೆ ಅಕ್ಕನ ಅಪ್ಪನ ಹೆಸರು ಒಂದು ಹಳೇ ಕ್ಯಾಟಲಾಗಿನಿಂದ ಗೊತ್ತಿತ್ತು, ಪ್ಲೇಟು ಮಾತ್ರ ಜೀವಮಾನವಿಡೀ ಸಿಕ್ಕಿರಲಿಲ್ಲ. ಯಾವುದೋ ಸಣ್ಣ ಊರಿನಲ್ಲಿ ತೀರಿಕೊಂಡ ಮುದುಕಿಯೊಬ್ಬಳ ಪಿಯಾನೋ ಬೆಂಚಿನ ಒಳಗೆ ಸಿಕ್ಕಿತಂತೆ. ಚರ್ಚಿನವರನ್ನು ವಿಚಾರಿಸಿ ಅಕ್ಕನ ವಿಳಾಸ ಹಿಡಿದಿದ್ದರು.

ಸೆಪ್ಟೆಂಬರ್ ಕೊನೆಯಲ್ಲಿ ಇಬ್ಬರೂ ಹೋದೆವು. ತರ್ಟಿಫೈವ್ ಹೈವೇಯಲ್ಲಿ ನಾನೇ ಡ್ರೈವ್ ಮಾಡಿದೆ. ವೇಕೋ ಹತ್ತಿರ ನಿಲ್ಲಿಸಿ ಮೊಸರನ್ನ ತಿಂದೆವು. ಮೇಷ್ಟರ ಮನೆಯಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ, ಎಲ್ಲ ಕಡೆ ಕಂದು ಲಕೋಟೆಗಳು. ಅವರು ಪ್ಲೇಟನ್ನು ಎರಡೂ ಅಂಗೈ ನಡುವೆ, ಅಂಚಿನಲ್ಲಿ ಮಾತ್ರ ಹಿಡಿದು ತಂದರು. ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿತ್ತು, ಒಂದು ಕಡೆ ಬೂಷ್ಟಿನ ಕಲೆ. ನಡುವಿನ ಲೇಬಲ್ ಮೇಲೆ ಅಪ್ಪನ ಹೆಸರು ಚಿನ್ನದ ಅಕ್ಷರದಲ್ಲಿ ನಿಚ್ಚಳವಾಗಿತ್ತು. ಅಕ್ಕ ಅದನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು ಓದಿದಳು, ಇಳಿಸಿದಳು, ಮತ್ತೆ ಏರಿಸಿಕೊಂಡು ಓದಿದಳು.

ಮೇಷ್ಟರು ಅದನ್ನು ನುಡಿಸಿರಲಿಲ್ಲ. ಕೊಳೆಯ ಮೇಲೆ ಮುಳ್ಳಿಟ್ಟರೆ ಹಾಡು ಕಿತ್ತುಬರುತ್ತದೆಂದು ಅವರಿಗೆ ಭಯ. ಇನ್ನೊಂದು ಪ್ರತಿ ಇರುವುದು ಅವರಿಗೆ ತಿಳಿದ ಮಟ್ಟಿಗೆ ಯಾರಿಗೂ ಗೊತ್ತಿಲ್ಲ. ಡಾಲಸ್ಸಿನಲ್ಲಿ ಇಂಥವನ್ನು ತೊಳೆದು ಕಂಪ್ಯೂಟರಿಗೆ ಇಳಿಸಿಕೊಡುವ ಒಬ್ಬ ಕೆಲಸಗಾರ ಇದ್ದಾನೆ, ಅವನಿಗೆ ಫೋನ್ ಮಾಡಿದ್ದೇನೆ, ಅಲ್ಲಿಗೆ ಒಯ್ಯಿರಿ, ಇದು ನಿಮ್ಮದೇ ಎಂದರು. ಬಾಗಿಲ ತನಕ ಬಂದು ನನ್ನ ಕೈಯಲ್ಲಿ ಡಬ್ಬ ಇಡುತ್ತಾ ಹೇಳಿದರು, "ದಯವಿಟ್ಟು ಏನೂ ಮಾಡಬೇಡಿ. ಹಾಗೇ ಕೊಡಿ ಅವನಿಗೆ."

ನನಗೆ ಚೆನ್ನಾಗಿ ಕೇಳಿಸಿತು. ನನ್ನ ಕಿವಿಗೆ ಏನೂ ಆಗಿರಲಿಲ್ಲ.

ಕೆಲಸಗಾರ ಊರಲ್ಲಿರಲಿಲ್ಲ. ಅವನು ಕೊಟ್ಟ ದಿನ ಕ್ಯಾಲೆಂಡರಿನಲ್ಲಿ ನೋಡಿದರೆ ವಿಜಯದಶಮಿ. ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಏಸಿ ಕೆಟ್ಟಿತ್ತು. "ನಿನ್ನ ಮನೆ ತಣ್ಣಗಿದೆ, ನಿನ್ನ ಕೈ ನಡುಗಲ್ಲ. ನೀನೇ ಇಟ್ಟುಕೋ" ಎಂದು ಪ್ಲೇಟನ್ನು ನನಗೇ ಒಪ್ಪಿಸಿದಳು.

ಇಲ್ಲಿ ಒಂದು ಹಳೇ ಮಾತು ಹೇಳಬೇಕು. ಹ್ಯೂಸ್ಟನ್ನಿನ ಲ್ಯಾಬಿನಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ನಾನು ಅರ್ಧ ಗಂಟೆ ಮುಂಚೆ ಹೋಗಿ ನನ್ನ ಮೈಕ್ರೋಸ್ಕೋಪನ್ನು ಸ್ಪಿರಿಟ್ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ, ಕಾಲಿನ ಹತ್ತಿರ ಒಂದು ಬೊಟ್ಟು ಕುಂಕುಮ ಇಟ್ಟು, ಒಂದು ಹೂವಿಟ್ಟು ಕೈ ಮುಗಿಯುತ್ತಿದ್ದೆ. ಮೊದಲ ವರ್ಷ ಅಕ್ಕ ನೋಡಿ ನಕ್ಕಳು. ಎರಡನೇ ವರ್ಷ ತನ್ನ ಸೂಜಿಯ ಟ್ರೇ, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ತಂದು ನನ್ನ ಮುಂದೆ ಇಟ್ಟು, "ಇವಕ್ಕೂ ಒಂದೊಂದು ಬೊಟ್ಟು ಹಾಕು, ಈ ವರ್ಷ ಯಾರ ನರವೂ ಜಾರದಿರಲಿ" ಎಂದಳು. ಹಾಗೇ ನಡೆದುಕೊಂಡು ಬಂತು. ಈಗ ಪ್ಲೇಟನ್ನೂ ಪೂಜೆಗೆ ಇಡಲೇ ಎಂದು ಫೋನಿನಲ್ಲಿ ಕೂಗಿ ಕೇಳಿದಾಗ ಅವಳು, "ಇಡು ಇಡು, ಅಪ್ಪನಿಗೂ ಒಂದು ಬೊಟ್ಟು ಇರಲಿ. ಅಮ್ಮನಿಗೆ ಮಾತ್ರ ಹೇಳಬೇಡ" ಎಂದು ನಕ್ಕಳು. ಅಮ್ಮ ಸತ್ತು ಎಷ್ಟೋ ಕಾಲವಾಗಿತ್ತು.

ಪೂಜೆಗೆ ಇಡು ಎಂದಳು. ಒರೆಸು ಎನ್ನಲಿಲ್ಲ. ಅದು ನನ್ನದು.

ಆಯುಧಪೂಜೆಯ ಬೆಳಗ್ಗೆ ಮಗಳು ಅಳಿಯ ಡ್ರೈವ್‌ವೇಯಲ್ಲಿ ಕಾರುಗಳ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ನಾನು ದೇವರ ಮುಂದೆ ಮಣೆ ಹಾಕಿ, ಹೊಸ ರವಿಕೆ ಕಣ ಹಾಸಿ, ಪುಸ್ತಕ, ಮೊಮ್ಮಗಳ ಪಿಟೀಲು, ಮಗಳ ಲ್ಯಾಪ್‌ಟಾಪು ಜೋಡಿಸಿದೆ. ಡಬ್ಬದಿಂದ ಪ್ಲೇಟು ತೆಗೆದೆ. ಅಷ್ಟು ಧೂಳು ಹಿಡಿದ ವಸ್ತುವನ್ನು ಸರಸ್ವತಿಯ ಮುಂದೆ ಹೇಗೆ ಇಡುವುದು? ನೀರು ಹಾಕಬಾರದೆಂದು ತೋರಿತು, ಲೇಬಲ್ ಕಾಗದದ್ದು. ಸ್ಪಿರಿಟ್ ಆದರೆ ಆವಿಯಾಗಿ ಹೋಗುತ್ತದೆ, ಏನೂ ಉಳಿಸುವುದಿಲ್ಲ. ಮೂವತ್ತು ವರ್ಷ ಲೆನ್ಸು ಒರೆಸಿದ ಕೈ. ಬಾತ್‌ರೂಮಿನಲ್ಲಿದ್ದ ರಬ್ಬಿಂಗ್ ಆಲ್ಕೊಹಾಲ್ ತಂದೆ, ಗಾಜ್ ಬಟ್ಟೆ ತಂದೆ.

ಮೊದಲ ಸುತ್ತಿಗೇ ಬಟ್ಟೆ ಕಪ್ಪಾಯಿತು. ಎಷ್ಟು ವರ್ಷದ ಕೊಳೆ ಎಂದುಕೊಂಡೆ. ಹೊಸ ಬಟ್ಟೆ ತೆಗೆದುಕೊಂಡೆ, ಅದೂ ಕಪ್ಪಾಯಿತು. ಹೌ ಶಲ್ ಐ ಸೇ ಇಟ್, ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಆ ಮುದುಕಿಯ ಪಿಯಾನೋ ಬೆಂಚಿನ ಕತ್ತಲೆಯನ್ನೆಲ್ಲ ನಾನೇ ತೆಗೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಏಳು ಬಟ್ಟೆ ಆಯಿತು. ತಿರುಗಿಸಿ ಆ ಮುಖವನ್ನೂ ಒರೆಸಿದೆ. ಆಮೇಲೆ ರವಿಕೆ ಕಣದ ಮೇಲಿಟ್ಟು, ಲೇಬಲ್ಲಿನ ಅಂಚಿಗೆ ಕುಂಕುಮ ಹಚ್ಚಿ, ಒಂದು ಹಳದಿ ಸೇವಂತಿಗೆ ಇಟ್ಟೆ.

ಮಾರನೆಯ ದಿನ ಹೂ ಎತ್ತಲು ಹೋದರೆ ಬರಲಿಲ್ಲ. ಎಸಳುಗಳು ಪ್ಲೇಟಿಗೆ ಅಂಟಿಕೊಂಡಿದ್ದವು. ಕೆಳಗಿದ್ದ ರವಿಕೆ ಕಣವನ್ನು ಬಿಡಿಸಿದರೆ ಸಣ್ಣ ಸದ್ದಿನೊಂದಿಗೆ ಕಿತ್ತು ಬಂತು, ಕೆಳಗಿನ ಮುಖದ ಮೇಲೆ ಆ ನೇಯ್ಗೆಯ ಚೌಕಳಿ ಅಚ್ಚು ಉಳಿಯಿತು. ಹೊಳಪಿರಬೇಕಾದ ಕಡೆ ಮಂಕು ಬೂದಿ. ಬೆರಳಿನಿಂದ ಸವರಿದೆ. ಗೆರೆಗಳು ಕೈಗೆ ಸಿಗಲಿಲ್ಲ.

ಮಗಳು ಬಂದು ನೋಡಿ ಫೋನಿನಲ್ಲಿ ಹುಡುಕಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. "ಅಮ್ಮಾ, ಈ ಹಳೇ ರೆಕಾರ್ಡ್ಸ್ ಎಲ್ಲಾ ಶೆಲ್ಯಾಕ್‌ದಂತೆ. ಅರಗು. ಇಂಡಿಯಾದಿಂದಲೇ ಬರ್ತಿತ್ತಂತೆ. ಆಲ್ಕೊಹಾಲ್ ತಾಗಿದ್ರೆ ಕರಗುತ್ತಂತೆ." ಫೋನ್ ಕೆಳಗಿಟ್ಟು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ನನ್ನ ಮದುವೆಗೆ ಮುಂಚೆ ಮೈಸೂರಿನ ಮನೆಯ ಹಿತ್ತಿಲಲ್ಲಿ ಬಡಗಿ ಅರಗಿನ ಚಕ್ಕೆಗಳನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಬಿಸಿಲಿಗಿಟ್ಟು, ಅದು ಜೇನಿನ ಹಾಗೆ ಕರಗುವುದನ್ನು ನನಗೆ ಕರೆದು ತೋರಿಸಿದ್ದ. ಅದರಿಂದಲೇ ನನ್ನ ಬೀರುವಿಗೆ ಪಾಲಿಶ್ ಹಾಕಿದ್ದು. ಆ ವಾಸನೆ ಈಗಲೂ ನೆನಪಿದೆ. ಆದರೆ ಹಾಡೂ ಅದೇ ಅರಗಿನಲ್ಲಿ ಕೂತಿರುತ್ತದೆ ಎಂದು ನನ್ನ ತಲೆಗೆ ಬರಲಿಲ್ಲ.

ಅಕ್ಕನಿಗೆ ಆಗಲೇ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಕೆಲಸಗಾರ ಏನಾದರೂ ಸರಿ ಮಾಡಿಯಾನು ಎಂದುಕೊಂಡೆ. ಅವಳನ್ನು ಹತ್ತಿಸಿಕೊಳ್ಳಲು ಹೋದಾಗ ಭಾನುವಾರ ಚರ್ಚಿಗೆ ಹಾಕುವ ನೀಲಿ ಹ್ಯಾಟು ಹಾಕಿಕೊಂಡು, ಕಿವಿಯ ಮಷೀನಿಗೆ ಹೊಸ ಬ್ಯಾಟರಿ ಹಾಕಿಕೊಂಡು ಹೊರಗೇ ನಿಂತಿದ್ದಳು. "ಈವತ್ತು ಬೆಳಗ್ಗೆ ಕೆಟಲಿನ ಸೀಟಿ ಕೇಳಿಸ್ತು ಶುಗರ್. ಪಕ್ಕದ ಮನೆಯವಳು ಬಯ್ಯೋದೂ ಕೇಳಿಸ್ತು. ಕಿವಿ ಒಳ್ಳೇ ಮೂಡಿನಲ್ಲಿದೆ" ಎಂದಳು.

ಕೆಲಸಗಾರನ ಸ್ಟುಡಿಯೋ ಎಂದರೆ ಮನೆಯ ಹಿಂದಿನ ಗ್ಯಾರೇಜು. ಗಡ್ಡದವನು, ಮಾತು ಕಡಿಮೆ. ಡಬ್ಬ ತೆರೆದ, ಪ್ಲೇಟನ್ನು ದೀಪದ ಕೆಳಗೆ ಓರೆ ಹಿಡಿದ, ತಿರುಗಿಸಿದ. ಅಕ್ಕ ಕುರ್ಚಿಯಲ್ಲಿ ಹೆಡ್‌ಫೋನ್ ಸರಿಮಾಡಿಕೊಳ್ಳುತ್ತಿದ್ದಳು. ಅವನು ಅವಳಿಗೆ ಬೆನ್ನು ಮಾಡಿ ನನ್ನನ್ನು ನೋಡಿ ಮೆಲ್ಲಗೆ ಒಂದೇ ಪದ ಕೇಳಿದ, "ಆಲ್ಕೊಹಾಲ್?" ನಾನು ತಲೆ ಆಡಿಸಿದೆ. ಅವನು ಕಣ್ಣು ಮುಚ್ಚಿ ತೆರೆದ, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆದರೂ ಮುಳ್ಳಿಟ್ಟ. ಸ್ಪೀಕರಿನಲ್ಲಿ ಬಂದದ್ದು ಒಂದು ಮೊರೆತ. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ನಾನು ಅದರ ಒಳಗೆ ಕಿವಿಯಿಟ್ಟು ಹುಡುಕಿದೆ. ಎಲ್ಲೋ ಒಂದು ಕಡೆ, ಲೇಬಲ್ಲಿನ ಹತ್ತಿರ ಬರುವಾಗ, ಒಂದು ತಂತಿಯೋ ಒಂದು ದನಿಯೋ ಇದ್ದ ಹಾಗಾಯಿತು. ಇದ್ದಿರಲಿಕ್ಕಿಲ್ಲ. ಇನ್ನೊಂದು ಮುಖದಲ್ಲಿ ಅದೂ ಇಲ್ಲ, ಬಟ್ಟೆಯ ಅಚ್ಚಿನ ಕಟಕಟ ಮಾತ್ರ.

ಅಕ್ಕ ಬಲಗಿವಿಯ ಮೇಲೆ ಎರಡೂ ಕೈ ಒತ್ತಿ ಹಿಡಿದು ಮುಂದಕ್ಕೆ ಬಾಗಿದ್ದಳು. ಮುಖದಲ್ಲಿ ಮೊದಲು ಕಾಯುವ ಭಾವ ಇತ್ತು. ಆಮೇಲೆ ಗೊಂದಲ. ಆಮೇಲೆ ನಿಧಾನವಾಗಿ ಅದು ಬೇರೇನೋ ಆಯಿತು. ಹೆಡ್‌ಫೋನ್ ತೆಗೆದು ಮಡಿಲಿನಲ್ಲಿಟ್ಟುಕೊಂಡಳು.

"ನನಗೆ ಬರೀ ಗಾಳಿ ಕೇಳಿಸ್ತು. ಹೋಯ್ತು ಶುಗರ್ ನನ್ನ ಕಿವಿ" ಎಂದಳು. "ಸರಿಯಾಗಿ ಈವತ್ತೇ ಹೋಯ್ತು." ನನ್ನ ಮುಖ ನೋಡಿದಳು. "ನಿನಗೆ ಕೇಳಿಸ್ತಾ?"

ಗಡ್ಡದವನು ಮೇಜಿನ ಕಡೆ ತಿರುಗಿ ಏನೋ ವೈರು ಸುತ್ತತೊಡಗಿದ.

ನಮ್ಮ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶುಕ್ರವಾರ ಸಾಲಾಗಿ ಕನ್ಫೆಷನ್ನಿಗೆ ಹೋಗುತ್ತಿದ್ದರು. ನಾವು ಹಿಂದೂ ಹುಡುಗಿಯರು ಆ ಹೊತ್ತಿನಲ್ಲಿ ಮಾರಲ್ ಸೈನ್ಸ್ ಓದುತ್ತಾ ಕೂತಿರಬೇಕು. ಅವರು ಆ ಮರದ ಗೂಡಿನೊಳಗೆ ಹೋಗಿ ಎರಡು ನಿಮಿಷಕ್ಕೆ ಹಗುರಾಗಿ ಓಡಿಬರುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹೇಗೆ ಶುರು ಮಾಡುತ್ತಾರೆ, ಮೊದಲ ವಾಕ್ಯ ಯಾವುದು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ಇದು ನೆಪ ಎಂದು ಗೊತ್ತಿದೆ.

"ಕೇಳಿಸ್ತು" ಎಂದೆ.

"ಹೇಗಿದಾನೆ?"

"ತುಂಬಾ ಚೆನ್ನಾಗಿದಾನೆ ಅಕ್ಕ."

ಅವಳು ತಲೆದೂಗಿದಳು. ದಾರಿಯುದ್ದಕ್ಕೂ ಹ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆ ಬಂದಾಗ, "ಒಂದು ತಿಂಗಳು ಮುಂಚೆ ಸಿಕ್ಕಿದ್ದರೆ" ಎಂದಳು, ಇಳಿದಳು.

ನಾನು ಮಾಡಿದ್ದು ಅಲ್ಲಿಗೂ ನಿಲ್ಲಲಿಲ್ಲ. ಅಕ್ಕ ಕಿವಿಯ ಮಷೀನನ್ನು ತೆಗೆದು ಡ್ರಾಯರಿಗೆ ಹಾಕಿಬಿಟ್ಟಳು. ಹೋದ ಕಿವಿಗೆ ಬ್ಯಾಟರಿ ಯಾಕೆ ಎಂದಳು. ಆ ಕಿವಿಯಲ್ಲಿ ಇನ್ನೂ ಸ್ವಲ್ಪ ಇತ್ತು. ಕೆಟಲಿನ ಸೀಟಿ ಇತ್ತು, ಪಕ್ಕದ ಮನೆಯ ಬೈಗಳಿತ್ತು, ನನ್ನ ದನಿ ಇತ್ತು. ಅದು ನನಗೊಬ್ಬಳಿಗೇ ಗೊತ್ತಿತ್ತು. ಹಾಕಿಕೋ ಅಕ್ಕ, ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದು ಕಾಗದದಲ್ಲಿ ಬರೆದು ತೋರಿಸಿದೆ. ಅವಳು ಕಾಗದ ತಿರುಗಿಸಿಟ್ಟಳು. ಚರ್ಚಿನ ಕಾಯರ್ ಹಾಡುಗುಂಪನ್ನು ಬಿಟ್ಟಳು. ನಾನು ಹೋದಾಗ ಟೀವಿ ಸದ್ದಿಲ್ಲದೆ ಓಡುತ್ತಿರುತ್ತಿತ್ತು. ಜನವರಿಯಲ್ಲಿ ಕಡೆಗೂ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಗ ಗ್ರಾಫು ನಿಜವಾಗಿಯೂ ನೆಲ ಹಿಡಿದಿತ್ತು. ಉಳಿದಿದ್ದ ಆ ಮೂರು ತಿಂಗಳನ್ನು ಅವಳು ಕೇಳಿಸಿಕೊಳ್ಳದೆಯೇ ಕಳೆದಳು.

ಆಸ್ಟಿನ್ನಿನ ಮೇಷ್ಟರಿಗೆ ಮಾತ್ರ ನಿಜ ಬರೆದೆ. ಎರಡು ಪುಟ, ಕಾನ್ವೆಂಟಿನ ಅಕ್ಷರದಲ್ಲಿ. ಉತ್ತರ ಬರಲಿಲ್ಲ.

ಗುರುವಾರಗಳಂದು ಅಕ್ಕ ಅದನ್ನೇ ಕೇಳುತ್ತಿದ್ದಳು. ಹೇಗಿತ್ತು, ಹೇಳು. ನಾನು ಹೇಳುತ್ತಿದ್ದೆ, ಅವಳು ನನ್ನ ತುಟಿ ನೋಡುತ್ತಿದ್ದಳು. ಹೆಬ್ಬೆರಳು ಕೆಳಗೆ ಒಂದೇ ಸಮ ನಡೆಯುತ್ತೆ, ಮೇಲೆ ಎರಡು ಬೆರಳು ತಡವಾಗಿ ಬಂದು ಸೇರುತ್ತೆ ಎಂದೆ. ಅದು ಅವಳ ತಟ್ಟಿನಿಂದ ಕದ್ದದ್ದು. ದನಿ ಎತ್ತರದಲ್ಲಿ ಸ್ವಲ್ಪ ಒಡೆಯುತ್ತೆ ಎಂದೆ. ಎರಡನೇ ಹಾಡು ನಿಧಾನ, ರೈಲಿನ ಬಗ್ಗೆ ಇರಬೇಕು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಕೇಳಿಸುವಷ್ಟು ನಯವಾಯಿತು. ಪ್ಲೇಟು ಅವಳ ಡ್ರಾಯರಿನಲ್ಲಿ ಹೊಸ ಲಕೋಟೆಯಲ್ಲಿತ್ತು. ಅವಳು ಅದನ್ನು ತೆಗೆದು ನೋಡಿರಬೇಕು. ಮುಖದ ಮೇಲಿನ ಚೌಕಳಿ ಅಚ್ಚಿನ ಬಗ್ಗೆ ಅವಳು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಹೇಳುತ್ತಿದ್ದೆ ಎಂದು ಆಣೆ ಮಾಡಲಾರೆ. ಅಪಾರ್ಟ್‌ಮೆಂಟಿನ ಮಿಕ್ಕ ಮುದುಕಿಯರಿಗೆ ನನ್ನನ್ನು ತೋರಿಸಿ, "ನನ್ನ ಅಪ್ಪನ ಹಾಡು ಕೇಳಿರೋಳು ಭೂಮಿ ಮೇಲೆ ಇವಳೊಬ್ಬಳೇ ಉಳಿದಿರೋದು" ಎನ್ನುತ್ತಿದ್ದಳು. ಕಿವುಡಾದ ಮೇಲೆ ಅವಳ ದನಿ ದೊಡ್ಡದಾಗಿತ್ತು, ಊಟದ ಹಾಲ್ ಪೂರ್ತಿ ಕೇಳಿಸುತ್ತಿತ್ತು.

ಯುಗಾದಿಗೆ ಹದಿನೈದು ದಿನ ಮುಂಚೆ ಹ್ಯೂಸ್ಟನ್ನಿನಿಂದ ಅವಳ ತಮ್ಮನ ಮಗಳು ಬಂದಳು, ಅಕ್ಕನನ್ನು ತನ್ನ ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಲು. ಆಮೇಲೆ ಫೋನಿನಲ್ಲಿ ತಿಳಿದ ಹಾಗೆ ಅಲ್ಲಿ ಅವಳು ಒಂದೇ ತಿಂಗಳು ಬದುಕಿದ್ದಳು. ನಾನು ಹ್ಯೂಸ್ಟನ್ನಿಗೆ ಹೋಗಲಿಲ್ಲ. ಹೊರಡುವ ದಿನ ಬೆಳಗ್ಗೆ ಪಾರ್ಕಿಂಗ್ ಲಾಟಿನಲ್ಲಿ ನೋಡಿದ್ದೇ ಕಡೆ.

ಸಾಮಾನೆಲ್ಲ ಕಾರಿಗೆ ಹೋಗಿತ್ತು. ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದರು. ಬಾಗಿಲು ತೆರೆದೇ ಇತ್ತು. ಅವಳು ತಮ್ಮನ ಮಗಳ ತೋಳು ಹಿಡಿದು ನನ್ನ ಕಡೆ ಕೈ ತೋರಿಸಿ, ಇವಳೇ ಅವಳು, ಅಪ್ಪನನ್ನು ಕೇಳಿದವಳು ಎಂದಳು. ಆ ಹುಡುಗಿಯ ಕಣ್ಣು ತುಂಬಿತು. ಅವಳೂ ಐವತ್ತು ದಾಟಿದವಳು, ನಮಗೆ ಹುಡುಗಿ. ಅಜ್ಜನದು ಅಂತ ನಮ್ಮ ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ ಆಂಟಿ, ನೀವು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಲೇ, ನನ್ನ ಮಕ್ಕಳಿಗೆ ಬೇಕು ಎಂದು ಫೋನ್ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. ಅದರಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿತ್ತು.

ಬೇಡ ಎನ್ನಲು ಆಗಲೂ ಅವಕಾಶವಿತ್ತು. ಅಕ್ಕ ಸೀಟಿನಿಂದ ಬಾಗಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

ಎಲ್ಲಾ ಹೇಳಿದೆ. ಹೆಬ್ಬೆರಳು, ಎರಡು ಬೆರಳು, ಒಡೆಯುವ ದನಿ, ರೈಲು. ತಮ್ಮನ ಮಗಳು ಕೇಳಿದಳು, ಹಾಡು ಶುರುವಾಗುವ ಮುಂಚೆ ಅವರು ಏನಾದರೂ ಮಾತಾಡುತ್ತಾರಾ ಎಂದು. ಅದನ್ನು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಮಾತಿಲ್ಲ, ಸಣ್ಣದಾಗಿ ಒಮ್ಮೆ ಕೆಮ್ಮುತ್ತಾರೆ ಎಂದುಬಿಟ್ಟೆ. ಯಾಕೆ ಹೇಳಿದೆನೋ.

ಅಕ್ಕ ನನ್ನ ತುಟಿಯಿಂದ ಆ ಪದವನ್ನು ಹಿಡಿದಳು. ಎರಡೂ ಕೈ ತೊಡೆಯ ಮೇಲೆ ಬಡಿದು, "ಲಾಂಡ್ರಿಯ ಹಬೆ! ಆ ಕೆಮ್ಮು ಅಪ್ಪನಿಗೆ ಸಾಯೋವರೆಗೂ ಇತ್ತು" ಎಂದು ತಮ್ಮನ ಮಗಳಿಗೆ ಕೂಗಿ ಹೇಳಿದಳು. ಅಕ್ಟೋಬರಿನಿಂದ ಆ ಮುಖದಲ್ಲಿ ನಗು ನೋಡಿರಲಿಲ್ಲ. "ಹೇಗೆ ಕೆಮ್ಮಿದ, ಮಾಡಿ ತೋರಿಸು ಶುಗರ್, ಇವಳ ಫೋನು ಹಿಡಿದುಕೊಳ್ಳಲಿ."

ನಾನು ಬಾಯಿಗೆ ಕೈ ಅಡ್ಡ ಹಿಡಿದು, ಗಂಡಸು ಕೆಮ್ಮಿದ ಹಾಗೆ ಒಮ್ಮೆ ಕೆಮ್ಮಿದೆ. ತಮ್ಮನ ಮಗಳು ಥ್ಯಾಂಕ್ಯೂ ಆಂಟಿ ಎಂದು ಕೆಂಪು ಚುಕ್ಕಿ ಒತ್ತಿ ನಿಲ್ಲಿಸಿದಳು. ಬಾಗಿಲು ಹಾಕಿದಳು. ಗಾಜಿನ ಆಚೆಯಿಂದ ಅಕ್ಕ ನನಗೆ ಏನೋ ಹೇಳುತ್ತಿದ್ದಳು, ಕಾರು ಆಗಲೇ ಹಿಂದಕ್ಕೆ ಚಲಿಸಿತ್ತು.